ಸರಕಿನ ಬೆನ್ನಿಗೆ ಗಡಿ ದಾಟಿದವರು

ಕೆನಡಾದ ವಿಂಡ್ಸರ್ ಮತ್ತು ಅಮೆರಿಕದ ಡೆಟ್ರಾಯಿಟ್ ನಗರಗಳ ನಡುವೆ ಇರುವುದು ಒಂದು ನದಿಯಷ್ಟೆ. ವಿಂಡ್ಸರಿನ ಮನೆಯಿಂದ ಹೊರಟು, ಡೆಟ್ರಾಯಿಟಿನ ಆಸ್ಪತ್ರೆಗಳಲ್ಲಿ ದುಡಿದು, ಅಂದೇ ಮನೆಗೆ ಮರಳುವ ದಾದಿಯರು ಅಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಗಡಿಯ ಬಾಗಿಲು ತೆರೆದದ್ದು ಒಂದು ವ್ಯಾಪಾರ ಒಪ್ಪಂದ.

1989ರ ಜನವರಿ 1ರಂದು ಜಾರಿಗೆ ಬಂದ ಕೆನಡಾ–ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದದ ಮುಖ್ಯ ಗುರಿ ಸುಂಕಗಳ ನಿವಾರಣೆ. ಆದರೆ ಯಂತ್ರವನ್ನು ಮಾರಿದ ಮೇಲೆ ಅದನ್ನು ಜೋಡಿಸಿ ದುರಸ್ತಿ ಮಾಡುವವನೂ ಗಡಿ ದಾಟಬೇಕಷ್ಟೆ. ಹೀಗೆ ಸರಕಿನ ಬೆನ್ನಿಗೆ ಮನುಷ್ಯನೂ ಒಪ್ಪಂದದೊಳಗೆ ಬಂದನು. 1994ರಲ್ಲಿ ಮೆಕ್ಸಿಕೊವನ್ನೂ ಕೂಡಿಸಿಕೊಂಡು ನಾಫ್ಟಾ ಜಾರಿಯಾದಾಗ ವೃತ್ತಿಪರರ ಈ ಏರ್ಪಾಟಿಗೆ ‘ಟಿಎನ್’ ಎಂಬ ಹೆಸರಾಯಿತು. ಅರವತ್ತಕ್ಕೂ ಮಿಕ್ಕ ವೃತ್ತಿಗಳ ಪಟ್ಟಿ ಅದರ ಜೀವಾಳ: ಎಂಜಿನಿಯರ್, ಲೆಕ್ಕಿಗ, ದಾದಿ, ಗ್ರಂಥಪಾಲಕ, ಪಶುವೈದ್ಯ. ಮೆಕ್ಸಿಕೊದ ಟೊಮೆಟೊ ಗಡಿ ದಾಟಿತು. ಅದನ್ನು ಕೊಯ್ದ ಕೈಗಳಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಒಪ್ಪಂದ ಒಂದೇ ಆದರೂ ಬಾಗಿಲು ಎಲ್ಲರಿಗೂ ಒಂದೇ ಆಗಿರಲಿಲ್ಲ. ಕೆನಡಾದ ಪ್ರಜೆ ಗಡಿಯಲ್ಲಿಯೇ ಕಾಗದಪತ್ರ ತೋರಿಸಿ ಒಳಹೋಗಬಹುದಿತ್ತು. ಮೆಕ್ಸಿಕೊದವನಿಗೆ ಮೊದಲೇ ವೀಸಾ ಬೇಕಿತ್ತು. ಜೊತೆಗೆ ವರ್ಷಕ್ಕೆ 5,500 ಮಂದಿ ಎಂಬ ಮಿತಿ. ಆ ಮಿತಿ ಕಳಚಿದ್ದು 2004ರಲ್ಲಿ. ವಾಸದ ಅವಧಿ 2008ರಲ್ಲಿ ಒಂದು ವರ್ಷದಿಂದ ಮೂರು ವರ್ಷಕ್ಕೇರಿತು. 2020ರ ಜುಲೈ 1ರಂದು ನಾಫ್ಟಾದ ಜಾಗಕ್ಕೆ ಹೊಸ ಒಪ್ಪಂದ ಬಂದಾಗಲೂ ಹಳೆಯ ಪಟ್ಟಿಯೇ ಮುಂದುವರಿಯಿತು.

ಈ ಅನುಮತಿಯನ್ನು ಮತ್ತೆ ಮತ್ತೆ ನವೀಕರಿಸಬಹುದು. ಆದರೆ ಬಂದವನಿಗೆ ಅಲ್ಲಿಯೇ ನೆಲೆಸುವ ಇರಾದೆ ಇರಕೂಡದು. ಹೀಗಾಗಿ ವರ್ಷಗಟ್ಟಲೆ ದುಡಿದವನೂ ಕಾನೂನಿನ ಕಣ್ಣಿಗೆ ಅತಿಥಿಯೇ.

ಕೆನಡಾದಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಲೆಕ್ಕಾಚಾರ ತಪ್ಪಿದ್ದಲ್ಲ. ಅಲ್ಲಿಯ ಕಾಯಂ ವಾಸದ ಹಕ್ಕು ಟಿಎನ್‌ಗೆ ಸಾಲದು, ಪೌರತ್ವವೇ ಬೇಕು. ಭಾರತವಾದರೋ ಎರಡು ದೇಶಗಳ ಪೌರತ್ವವನ್ನು ಏಕಕಾಲಕ್ಕೆ ಒಪ್ಪುವುದಿಲ್ಲ. ಮೂರು ವರ್ಷದ ತಾತ್ಕಾಲಿಕ ಕಾಗದವೊಂದರ ಹಿಂದೆ ಹುಟ್ಟಿದ ನಾಡಿನ ಪಾಸ್‌ಪೋರ್ಟನ್ನು ಒಪ್ಪಿಸಿಬಿಟ್ಟ ಕಾಯಂ ನಷ್ಟವೊಂದಿರುತ್ತದೆ.

ಮುಂಬೈಗೋ ಪುಣೆಗೋ ಚೆನ್ನೈಗೋ ಬಂದ ನಾವು ಯಾವ ವೃತ್ತಿಪಟ್ಟಿಯನ್ನೂ ನೋಡದೆ ರೈಲು ಹತ್ತಿದವರು. ಪದವೀಧರನಿಗೂ ಹೋಟೆಲಿನ ಮಾಣಿಗೂ ಆ ಹಕ್ಕನ್ನು ಸಮನಾಗಿ ಕೊಟ್ಟದ್ದು ಸಂವಿಧಾನದ 19ನೆಯ ವಿಧಿ. ಅದು ಎಷ್ಟು ದೊಡ್ಡದೆಂಬುದು ಇನ್ನೊಂದು ಖಂಡದ ಈ ಪಟ್ಟಿಯನ್ನು ಓದುವಾಗ ತಿಳಿಯುತ್ತದೆ.