ಆತುರವೂ ಆಲಸ್ಯವೂ: ಒಂದು ಚುಚ್ಚುಮದ್ದಿನ ಚರಿತ್ರೆ



ಚರಿತ್ರೆ ಎಂದೊಡನೆ ನಾವು ಅರಸರನ್ನೂ ಯುದ್ಧಗಳನ್ನೂ ನೆನೆಯುತ್ತೇವೆ. ಔಷಧಗಳಿಗೂ ಚರಿತ್ರೆಯುಂಟು. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ 'ಸ್ಟೀರಾಯ್ಡ್' ಎಂಬ ಹೆಸರಿನಿಂದ ಮನೆಮಾತಾಗಿರುವ ಚುಚ್ಚುಮದ್ದಿನ ವೃತ್ತಾಂತವನ್ನು ಓದಿದಾಗ, ಮನುಷ್ಯಸ್ವಭಾವವನ್ನು ಅರಿಯಬಯಸುವ ಯಾರೂ ಮನನ ಮಾಡತಕ್ಕ ಕಥೆ ಇದು ಎನಿಸಿತು.

ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಅವು ಕೆಟ್ಟರೆ ಮನುಷ್ಯ ಸೊರಗಿ ಸಾಯುತ್ತಾನೆಂಬುದನ್ನು ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿಯೇ ತೋರಿಸಿದ್ದರು. ಆ ಗ್ರಂಥಿಗಳ ಹೊರಪದರದಲ್ಲಿರುವ ವಸ್ತುಗಳನ್ನು 1930ರ ದಶಕದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಾಲ್ ಹಾಗೂ ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಖ್‌ಸ್ಟೈನ್ ಬೇರೆಬೇರೆಯಾಗಿ ಶೋಧಿಸಿದರು. ಕೆಂಡಾಲರ ಸಹೋದ್ಯೋಗಿ ಫಿಲಿಪ್ ಹೆಂಚ್ ಸಂಧಿವಾತದ ವೈದ್ಯರು. 1929ರಲ್ಲಿ ಅವರ ರೋಗಿಯೊಬ್ಬರಿಗೆ ಕಾಮಾಲೆ ಬಂದಾಗ ಕೀಲುನೋವು ತಾನಾಗಿಯೇ ಇಳಿದಿತ್ತು. ಗರ್ಭಿಣಿಯರಲ್ಲಿಯೂ ನೋವು ಹೀಗೆ ತಗ್ಗುವುದನ್ನು ಅವರು ಕಂಡರು. ದೇಹದೊಳಗೇ ಯಾವುದೋ ಮದ್ದು ಅಡಗಿರಬೇಕೆಂಬ ಊಹೆಯನ್ನು ಹೆಂಚ್ ಸುಮಾರು ಇಪ್ಪತ್ತು ವರ್ಷ ಬಿಡದೆ ಕಾಪಾಡಿಕೊಂಡು ಬಂದರು.

ಎತ್ತಿನ ಪಿತ್ತರಸದಿಂದ, ಮೂವತ್ತಕ್ಕೂ ಮಿಕ್ಕಿದ ಹಂತಗಳಲ್ಲಿ, ಆ ವಸ್ತುವನ್ನು ತಯಾರಿಸುವ ದಾರಿಯನ್ನು ಮೆರ್ಕ್ ಕಂಪನಿಯ ಲೂಯಿಸ್ ಸಾರೆಟ್ 1944ರಲ್ಲಿ ತೋರಿಸಿದರು. 1948ರ ಸೆಪ್ಟೆಂಬರ್ 21ರಂದು, ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಣ್ಣುಮಗಳೊಬ್ಬಳಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಒಂದು ವಾರ ಕಳೆಯುವಷ್ಟರಲ್ಲಿ ಆಕೆ ಎದ್ದು ನಡೆದು ಪೇಟೆಗೆ ಹೋಗಿಬಂದಳು. ಮದ್ದಿಗೆ ಕಾರ್ಟಿಸೋನ್ ಎಂದು ಹೆಸರಾಯಿತು. 1949ರ ಮೊದಲ ವರದಿಯಲ್ಲಿದ್ದವರು 14 ಮಂದಿ ರೋಗಿಗಳು ಮಾತ್ರ. ಮರುವರ್ಷವೇ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಜಗತ್ತು ಇದನ್ನು ಸಂಜೀವಿನಿಯೆಂದೇ ಬಗೆಯಿತು. ಆದರೆ ಮದ್ದು ನಿಲ್ಲಿಸಿದೊಡನೆ ನೋವು ಮರಳಿತು. ಮುಂದುವರಿಸಿದರೆ ಮುಖ ಊದಿ ದುಂಡಗಾಯಿತು, ಮೂಳೆ ಸವೆಯಿತು, ಕೆಲವರ ಚಿತ್ತವೂ ಕದಡಿತು. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆ ದೂರದ ದೇಶದಲ್ಲಿ ಹೀಗೆ ದಿಟವಾಯಿತು. 1951ರಲ್ಲಿ ಫಿಲಡೆಲ್ಫಿಯಾದ ಜೋಸೆಫ್ ಹಾಲಂಡರ್ ಅದರ ಸೋದರವಸ್ತುವಾದ ಹೈಡ್ರೊಕಾರ್ಟಿಸೋನನ್ನು ನೇರವಾಗಿ ನೋಯುವ ಕೀಲಿಗೇ ಚುಚ್ಚುವ ಕ್ರಮವನ್ನು ಪ್ರಕಟಿಸಿದರು. ತೋಟವನ್ನೆಲ್ಲ ತೋಯಿಸುವ ಬದಲು ಬಾಡಿದ ಗಿಡದ ಬುಡಕ್ಕೆ ನೀರೆರೆದಂತೆ. ಈ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಇದು ಆತುರದ ಅಧ್ಯಾಯ, ಇನ್ನು ಆಲಸ್ಯದ್ದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಮ್ ಲಿಗಿನ್ಸ್ ಎಂಬ ವೈದ್ಯರು ಕುರಿಗಳಲ್ಲಿ ಹೆರಿಗೆ ಹೇಗೆ ಆರಂಭವಾಗುತ್ತದೆಂದು ಪರಿಶೀಲಿಸುತ್ತಿದ್ದರು. ಈ ಜಾತಿಯ ಮದ್ದು ಪಡೆದು ಬಹಳ ಮುಂಚೆ ಹುಟ್ಟಿದ ಕುರಿಮರಿಗಳು, ಬದುಕಬಾರದಿದ್ದ ಪ್ರಾಯದಲ್ಲಿ ಉಸಿರಾಡಿದುದನ್ನು ಕಂಡರು. ಅವರೂ ಮಕ್ಕಳ ವೈದ್ಯರಾದ ರಾಸ್ ಹೋವಿಯವರೂ ಕೂಡಿ, ಅಕಾಲದಲ್ಲಿ ಹೆರುವ ಸಂಭವವಿದ್ದ 282 ಮಂದಿ ತಾಯಂದಿರಲ್ಲಿ ಪರೀಕ್ಷೆ ನಡೆಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೀಟಾಮೆಥಸೋನ್ ಚುಚ್ಚುಮದ್ದು ಪಡೆದ ತಾಯಂದಿರ ಶಿಶುಗಳಲ್ಲಿ ಮೊದಲ ದಿನಗಳ ಮರಣ ನೂರಕ್ಕೆ 3.2, ಪಡೆಯದವರಲ್ಲಿ 15. ಇಷ್ಟು ನಿಚ್ಚಳವಾದ ಅಂಕಿಗಳನ್ನು ಕಂಡೂ ವೈದ್ಯಲೋಕ ಹಿಂಜರಿಯಿತು. 1990ರಲ್ಲಿ ಹನ್ನೆರಡು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಉತ್ತರ ಅದೇ ಆಗಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಸಮ್ಮೇಳನ ಇದನ್ನು ವ್ಯಾಪಕವಾಗಿ ಬಳಸಿರೆಂದು ಹೇಳಿದ್ದು 1994ರಲ್ಲಿ. ನಡುವಣ ಇಪ್ಪತ್ತೆರಡು ವರ್ಷಗಳಲ್ಲಿ ಉಸಿರು ಸಿಕ್ಕದೆ ಹೋದ ಕೂಸುಗಳನ್ನು ಎಣಿಸುವವರು ಯಾರು?

ಹಾಗಾದರೆ ತಿಳಿದೊಡನೆ ಎಲ್ಲೆಡೆ ಹಂಚಿಬಿಡುವುದೇ ವಿವೇಕವೇ? ಇದಕ್ಕೆ ಉತ್ತರ ನಮ್ಮ ಬೆಳಗಾವಿಯವರೆಗೂ ಬಂದಿದೆ. ಆರು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಬೆಳಗಾವಿಯ ಸೀಮೆಯೂ ಸೇರಿತ್ತು. ಗರ್ಭದ ದಿನಗಳ ಲೆಕ್ಕ ಸರಿಯಾಗಿ ಸಿಕ್ಕದ ಹಳ್ಳಿಗಾಡುಗಳಲ್ಲಿಯೂ ಚುಚ್ಚುಮದ್ದನ್ನು ಹರಡಿದರು. ಮದ್ದು ಪಡೆದ ಬಹುಪಾಲು ತಾಯಂದಿರ ಮಕ್ಕಳು ಅಷ್ಟು ಚಿಕ್ಕವಾಗಿರಲೇ ಇಲ್ಲ. ಹೀಗೆ ಮದ್ದು ಹರಡಿದ ಕಡೆಗಳಲ್ಲಿ ಒಟ್ಟು ಶಿಶುಮರಣ ಸಾವಿರಕ್ಕೆ ಸುಮಾರು 24ರ ಬದಲು 27 ಆಯಿತು. ತಾಯಂದಿರಲ್ಲಿ ಸೋಂಕೂ ಹೆಚ್ಚಿತು. ಆದರೆ ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, ಗರ್ಭದ ಪ್ರಾಯವನ್ನು ಸ್ಕ್ಯಾನಿಂಗ್‌ನಿಂದ ಅಳೆದು, ಶಿಶುವಿನ ಆರೈಕೆಗೆ ಸಿದ್ಧತೆಯಿದ್ದಲ್ಲಿ ಡೆಕ್ಸಾಮೆಥಸೋನ್ ಕೊಟ್ಟು ನೋಡಿದ ಪರೀಕ್ಷೆಯ ಫಲ 2020ರಲ್ಲಿ ಹೊರಬಂದಾಗ, ಅಕಾಲ ಶಿಶುಗಳ ಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು.

ಎರಡೂ ಕಡೆ ಮದ್ದಿನ ಜಾತಿ ಒಂದೇ. ಬೇರೆಯಾದದ್ದು ಅದರ ಹಿಂದಿನ ತಿಳಿವಳಿಕೆ ಹಾಗೂ ಆರೈಕೆ. ಆದುದರಿಂದ ಕಡಿಮೆ ಬೆಲೆಯ ಈ ಚುಚ್ಚುಮದ್ದನ್ನು ಹಳ್ಳಿಗೆ ಕಳುಹಿಸಿದರಷ್ಟೇ ಸಾಲದು. ಬಸುರಿಯ ದಿನಗಳನ್ನು ಮೊದಲ ತಿಂಗಳುಗಳಲ್ಲಿಯೇ ಲೆಕ್ಕವಿಡುವ ದಾದಿ, ಹುಟ್ಟಿದ ಕೂಸನ್ನು ಬೆಚ್ಚಗಿಡುವ ವಾರ್ಡು ಅದರ ಜೊತೆಯಲ್ಲಿಯೇ ಹೋಗಬೇಕು. ಸೂಜಿಗೆ ಮೊದಲು ಅವು ತಲುಪಿದರೆ ಇನ್ನೂ ಒಳ್ಳೆಯದು.