ಸಾಲಕ್ಕೆ ಸೆರೆಮನೆಯೇ?



ನಾವು ಸಾಲ ಎನ್ನುತ್ತೇವೆ, ಪಕ್ಕದ ಮನೆಯವರು ಕಡನ್ ಎನ್ನುತ್ತಾರೆ. ಪ್ರೋನೋಟು ಮಾತ್ರ ಇಬ್ಬರಿಗೂ ಒಂದೇ. ತೀರಿಸಲಾಗದ ಪ್ರೋನೋಟು ಮನುಷ್ಯನನ್ನು ಜೈಲಿಗೆ ಕಳಿಸಬಹುದೇ? ಈ ಪ್ರಶ್ನೆ ಬಹಳ ಹಳೆಯದು.

13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೋ ಪೋಲೋ ಇಲ್ಲಿನ ಒಂದು ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆದರೆ, ಹಣ ಅಥವಾ ಜಾಮೀನು ಕೊಡುವ ತನಕ ಅವನು ಅದನ್ನು ದಾಟುವಂತಿರಲಿಲ್ಲ. ಅರಸನಿಗೂ ಇದೇ ನಿಯಮ.

ಬ್ರಿಟಿಷರ ಕಾಲದಲ್ಲಿ ಗೆರೆಯ ಜಾಗಕ್ಕೆ ಜೈಲಿನ ಗೋಡೆ ಬಂತು. ತಮ್ಮ ದೇಶದಲ್ಲಿ 1869ರಲ್ಲೇ ಸಾಲದ ಸೆರೆಯನ್ನು ಬಹುಮಟ್ಟಿಗೆ ತೆಗೆದವರು ಇಲ್ಲಿ ಅದನ್ನು ಉಳಿಸಿಕೊಂಡರು. 1908ರ ಸಿವಿಲ್ ಕಾನೂನಿನಂತೆ ಡಿಕ್ರಿಯ ಹಣ 50 ರೂಪಾಯಿ ದಾಟಿದರೆ ಆರು ತಿಂಗಳವರೆಗೆ ಸೆರೆ. ಕೈದಿಯ ಊಟದ ಖರ್ಚನ್ನು ಸಾಹುಕಾರನೇ ಕಟ್ಟಬೇಕು, ಕಟ್ಟದಿದ್ದರೆ ಬಿಡುಗಡೆ. ಆದರೆ ಹೊರಗೆ ಬಂದರೂ ಸಾಲ ಹಾಗೆಯೇ ಇರುತ್ತಿತ್ತು.

ಜೈಲಿನ ಹೆದರಿಕೆಯಿಲ್ಲದಿದ್ದರೆ ಯಾರು ಹಣ ಹಿಂದಿರುಗಿಸುತ್ತಾರೆ, ಯಾರು ಸಾಲ ಕೊಡುತ್ತಾರೆ ಎಂಬುದು ಒಂದು ವಾದ. ದುಡಿಯುವವನೇ ಒಳಗಿದ್ದರೆ ಸಾಲ ತೀರುವುದು ಹೇಗೆ ಎಂಬುದು ಇನ್ನೊಂದು. 1931ರಲ್ಲಿ ಕಾರ್ಮಿಕರ ಬಗೆಗಿನ ರಾಯಲ್ ಆಯೋಗ ಎರಡನೆಯದರ ಕಡೆಗೆ ವಾಲಿತು. 1936ರ ತಿದ್ದುಪಡಿ ಕೈಲಾಗದವನನ್ನೂ ಮನಸ್ಸಿಲ್ಲದವನನ್ನೂ ಬೇರೆ ಮಾಡಿತು.

ನಮ್ಮ ಹೊಸೂರು ಸೀಮೆ ಆಗ ಮದ್ರಾಸ್ ಪ್ರಾಂತದ ಸೇಲಂ ಜಿಲ್ಲೆಯಲ್ಲಿತ್ತು. ಇಲ್ಲಿಯ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಪ್ರಾಂತದ ಪ್ರಧಾನಿಯಾಗಿ 1938ರಲ್ಲಿ ರೈತರ ಸಾಲ ಪರಿಹಾರ ಕಾನೂನು ತಂದರು. ಅಸಲಿನ ಎರಡರಷ್ಟು ಕಟ್ಟಿದ ರೈತನ ಸಾಲ ತೀರಿತೆಂದೇ ಲೆಕ್ಕ. ಜೈಲಿನ ಮಾತು ಬರುವ ಮೊದಲೇ ಬಡ್ಡಿಗೆ ಕಡಿವಾಣ ಹಾಕುವ ದಾರಿ ಅದು.

1980ರಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬಡತನ ಅಪರಾಧವಲ್ಲವೆಂದು ಸಾರಿದರು. ಹಣವಿದ್ದೂ ದುರುದ್ದೇಶದಿಂದ ಕೊಡದವನಿಗೆ ಮಾತ್ರ ಸೆರೆ ಎಂದರು.

ಇಂದಿಗೂ ಆ ಕಲಮು ಅಳಿದಿಲ್ಲ. 5000 ರೂಪಾಯಿ ಮೀರಿದ ಡಿಕ್ರಿಗೆ ಮೂರು ತಿಂಗಳವರೆಗೆ ಸೆರೆಯುಂಟು. 2000 ರೂಪಾಯಿವರೆಗಿನ ಡಿಕ್ರಿಗೆ ಇಲ್ಲ, ಹಣದ ಡಿಕ್ರಿಗಾಗಿ ಹೆಂಗಸರನ್ನು ಹಿಡಿಯುವಂತೆಯೂ ಇಲ್ಲ. ಚೆಕ್ಕು ವಾಪಸಾದ ಮೊಕದ್ದಮೆಯ ದಾರಿ ಬೇರೆ, ಅದನ್ನು ಇದರೊಡನೆ ಬೆರೆಸಬೇಡಿ.

ಕೋರ್ಟಿನ ನೋಟೀಸು ಬಂದಾಗ ಹೆದರಿ ಊರು ಬಿಡಬೇಡಿ. ಊರು ಬಿಟ್ಟವನೇ ಮೋಸಗಾರನೆಂದು ಕಾಣುತ್ತಾನೆ. ಜೈಲಿಗೆ ಕಳಿಸುವ ಮುನ್ನ ನ್ಯಾಯಾಧೀಶರು ನಿಮ್ಮ ಮಾತು ಕೇಳಲೇಬೇಕು. ಹೋಗಿ, ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಹೇಳಿ.