ಮಾಟದ ಆರೋಪ ಹೊತ್ತ ಮಕ್ಕಳು

ಮಾಟಗಾತಿಯರ ಬೇಟೆ ಎಂದೊಡನೆ ನೆನಪಾಗುವುದು 16, 17ನೆಯ ಶತಮಾನಗಳ ಯೂರೋಪು. ಅಲ್ಲಿ ಗಲ್ಲಿಗೋ ಚಿತೆಗೋ ಬಲಿಯಾದ ಮುದುಕಿಯರು. ಆದರೆ ಆಫ್ರಿಕದ ಕಾಂಗೋ ದೇಶದ ರಾಜಧಾನಿ ಕಿನ್‌ಶಾಸಾದಲ್ಲಿ 1990ರ ದಶಕದಿಂದೀಚೆಗೆ ಇದೇ ಆರೋಪಕ್ಕೆ ಗುರಿಯಾದವರು ಮಕ್ಕಳು.

ಮಾಟದ ನಂಬಿಕೆ ಅಲ್ಲಿ ಹಳೆಯದು. ಲಿಂಗಾಲ ಭಾಷೆಯಲ್ಲಿ ಮಾಟಗಾರನಿಗೆ 'ಎನ್‌ಡೋಕಿ' ಎನ್ನುತ್ತಾರೆ. ಹಿಂದೆ ಈ ಹೆಸರು ಹೆಚ್ಚಾಗಿ ಅಂಟುತ್ತಿದ್ದುದು ವಯಸ್ಸಾದವರಿಗೆ. 1991 ಮತ್ತು 1993ರಲ್ಲಿ ಸಂಬಳ ಕಾಣದ ಸೈನಿಕರು ನಗರವನ್ನು ಲೂಟಿ ಮಾಡಿದರು. ಹಣ ಬೆಲೆ ಕಳೆದುಕೊಂಡಿತು. 1996ರಲ್ಲಿ ಯುದ್ಧ ಆರಂಭವಾಯಿತು. ತಬ್ಬಲಿ ಮಕ್ಕಳು ನೆಂಟರ ಮನೆ ಸೇರಿದರು. ಆ ಬಡ ಮನೆಗಳಲ್ಲಿ ಯಜಮಾನನ ಕೆಲಸ ಹೋದರೂ, ಯಾರಾದರೂ ಕಾಯಿಲೆ ಬಿದ್ದರೂ ಸಂಶಯ ಹೊರಳುತ್ತಿದ್ದುದು ಈ ಮಕ್ಕಳತ್ತ. ಹಾಸಿಗೆ ಒದ್ದೆ ಮಾಡುವುದು, ಮೂರ್ಛೆರೋಗ ಕೂಡ ಮಾಟದ ಲಕ್ಷಣಗಳೆನಿಸಿದವು.

ಈ ಸಂಶಯಕ್ಕೆ ಮುದ್ರೆಯೊತ್ತಿದವರು ಬೀದಿಬೀದಿಯಲ್ಲಿ ಹುಟ್ಟಿಕೊಂಡಿದ್ದ ಹೊಸ ಚರ್ಚುಗಳ ಕೆಲವು ಪಾದ್ರಿಗಳು. ಯೂರೋಪಿನಲ್ಲಿ ಹೆಚ್ಚಾಗಿ ನ್ಯಾಯಾಲಯಗಳು ಮಾಡಿದ ವಿಚಾರಣೆ ಇಲ್ಲಿ ಪ್ರಾರ್ಥನೆಯ ರೂಪ ತಾಳಿತು. ದೆವ್ವ ಬಿಡಿಸುವ ಹೆಸರಿನಲ್ಲಿ ಮಕ್ಕಳನ್ನು ಉಪವಾಸ ಕೆಡವಿದರು, ಹೊಡೆದರು. ಹೆದರಿದ ಮಗು ತಪ್ಪೊಪ್ಪಿಕೊಂಡರೆ ಅದೇ ಪುರಾವೆ. ಸಾವಿರಾರು ಮಕ್ಕಳು ಬೀದಿಪಾಲಾದರು.

ಮಕ್ಕಳ ಮೇಲೆ ಮಾಟದ ಆರೋಪ ಹೊರಿಸುವುದನ್ನು 2006ರ ಸಂವಿಧಾನದ 41ನೆಯ ವಿಧಿ ನಿಷೇಧಿಸಿತು. 2009ರ ಮಕ್ಕಳ ರಕ್ಷಣಾ ಕಾಯಿದೆ ಅದನ್ನು ಅಪರಾಧವೆಂದು ಸಾರಿತು. 2021ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯೂ ಇಂಥ ಆರೋಪಗಳ ವಿರುದ್ಧ ನಿರ್ಣಯ ಅಂಗೀಕರಿಸಿತು. ಆದರೂ ಆರೋಪಗಳು ನಿಂತಿಲ್ಲ. ಅನ್ನಕ್ಕೆ ತತ್ವಾರವಿರುವ ಮನೆಯಲ್ಲಿ ಹೆಚ್ಚಿನದೊಂದು ಬಾಯಿಯನ್ನು ಹೊರಹಾಕಲು ಮಾಟ ಒಂದು ನೆಪ. ಆ ನೆಪಕ್ಕೆ ದೇವರ ಒಪ್ಪಿಗೆಯೂ ದೊರೆತರೆ, ಮಗುವಿನ ಪರ ಮಾತಾಡುವವರೇ ಉಳಿಯುವುದಿಲ್ಲ.